ಹಾಸಿಗೆಯಿಂದ ಅಂಗಳಕ್ಕೆ

ಮನೆಯಲ್ಲಿ ಹಿರಿಯರೊಬ್ಬರು ಕಾಯಿಲೆ ಬಿದ್ದು ಚೇತರಿಸಿಕೊಂಡರೆ ಸಾಕು, ಸುತ್ತಲಿನವರೆಲ್ಲ ಹೇಳುವುದು ಒಂದೇ ಮಾತು: ‘ಸುಮ್ಮನೆ ಮಲಗಿರಿ, ಓಡಾಡಬೇಡಿ’. ಈ ಮಾತಿನ ಹಿಂದೆ ಪ್ರೀತಿಯಿದೆ, ಕಾಳಜಿಯಿದೆ. ಬಹುಕಾಲ ವೈದ್ಯಶಾಸ್ತ್ರದ ಬೆಂಬಲವೂ ಇದಕ್ಕಿತ್ತು. ಆ ಬೆಂಬಲ ಈಗ ಉಳಿದಿಲ್ಲ. ಅದು ಕಳಚಿ ಬಿದ್ದ ಬಗೆ ಇಪ್ಪತ್ತನೆಯ ಶತಮಾನದ ವೈದ್ಯಕೀಯ ಇತಿಹಾಸದ ಒಂದು ಕುತೂಹಲಕರ ಅಧ್ಯಾಯ. ಆಸ್ಪತ್ರೆಯ ಒಂದು ಕುರ್ಚಿಯಿಂದ ಆರಂಭವಾಗುವ ಈ ಕಥೆ ಲಂಡನ್ನಿನ ಬಸ್ಸುಗಳನ್ನು ಹತ್ತಿಳಿದು, ಹೃದಯ ಬದಲಾಯಿಸಿಕೊಂಡವರ ಬಳಿ ಹಾದು, ತೊಂಬತ್ತರ ಅಜ್ಜ ಅಜ್ಜಿಯರವರೆಗೆ ಸಾಗುತ್ತದೆ.

ಮಂಚದಿಂದ ಕುರ್ಚಿಗೆ

ಕಳೆದ ಶತಮಾನದ ಮೊದಲರ್ಧದಲ್ಲಿ ಹೃದಯಾಘಾತವಾದವರನ್ನು ನಾಲ್ಕರಿಂದ ಆರು ವಾರ ಮಂಚದಿಂದ ಇಳಿಯಗೊಡುತ್ತಿರಲಿಲ್ಲ. ಅನ್ನ ಉಣ್ಣಿಸಲು, ಮುಖ ತೊಳೆಯಲು, ಮಗ್ಗುಲು ಬದಲಿಸಲು ಕೂಡ ದಾದಿಯರೇ ಬೇಕು. ಇದಕ್ಕೆ ವೈದ್ಯರು ಕೊಡುತ್ತಿದ್ದ ಕಾರಣ ಸರಳವಾಗಿತ್ತು. ಹೃದಯದ ಸ್ನಾಯುವಿಗೆ ಆದ ಗಾಯ ಮಾಯಲು ವಾರಗಟ್ಟಲೆ ಸಮಯ ಬೇಕು. ಅಲ್ಲಿಯವರೆಗೆ ಹೃದಯಕ್ಕೆ ಕೆಲಸ ಕಡಿಮೆಯಾಗಬೇಕು. ಆದ್ದರಿಂದ ರೋಗಿ ಅಲುಗಾಡಬಾರದು.

ತರ್ಕವೇನೋ ಸರಿ. ಆದರೆ ಮಲಗಿದವರಿಗೆ ಮಲಗಿದ್ದರಿಂದಲೇ ಬೇರೆ ಕಾಯಿಲೆಗಳು ಅಂಟಿಕೊಳ್ಳುತ್ತಿದ್ದವು. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡು ಪ್ರಾಣ ಹೋಗುವುದಿತ್ತು. ನ್ಯುಮೋನಿಯಾ, ಬೆನ್ನಿನ ಹುಣ್ಣು, ಮಲಬದ್ಧತೆ, ಸವೆದ ಸ್ನಾಯು, ಕುಗ್ಗಿದ ಮನಸ್ಸು ಇವೆಲ್ಲ ಹಾಸಿಗೆಯ ಕೊಡುಗೆಗಳೇ. 1947ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಆಶರ್ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಲೇಖನವೊಂದನ್ನು ಬರೆದು, ಹಾಸಿಗೆ ಹಿಡಿಯುವುದರಿಂದ ದೇಹದ ಒಂದೊಂದು ಅಂಗಕ್ಕೂ ಆಗುವ ಹಾನಿಯನ್ನು ಸಾಲುಸಾಲಾಗಿ ಪಟ್ಟಿ ಮಾಡಿದರು.

ಅಮೆರಿಕದ ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಸ್ಯಾಮ್ಯುಯೆಲ್ ಲೆವೈನ್ ಮತ್ತು ಅವರ ಕಿರಿಯ ಸಹೋದ್ಯೋಗಿ ಬರ್ನಾರ್ಡ್ ಲೌನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೃದಯಾಘಾತವಾದ 81 ಮಂದಿಯನ್ನು ಮೊದಲ ದಿನಗಳಲ್ಲೇ ಮಂಚದಿಂದ ಎತ್ತಿ, ಕಾಲು ಇಳಿಬಿಟ್ಟು ಕುರ್ಚಿಯಲ್ಲಿ ಕೂರಿಸಿದರು. ಇದು ರೋಗಿಯ ಜೀವದೊಡನೆ ಆಟ ಎಂದು ಆಸ್ಪತ್ರೆಯ ಕಿರಿಯ ವೈದ್ಯರು ವಿರೋಧಿಸಿದರು. ಆದರೆ ಕೂತವರಿಗೆ ಕೆಡುಕಾಗಲಿಲ್ಲ; ಬದಲಿಗೆ ಅವರು ಬೇಗ ಗೆಲುವಾದರು. 1952ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮೂರು ವರ್ಷಗಳ ನಂತರ, 1955ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾಯಿತು. ತಜ್ಞರಾಗಿ ಬಂದ ಪಾಲ್ ಡಡ್ಲಿ ವೈಟ್ ಅಧ್ಯಕ್ಷರನ್ನು ಹಂತಹಂತವಾಗಿ ಕುರ್ಚಿಗೂ ನಡಿಗೆಗೂ ತಂದರು. ಮರುವರ್ಷ ಐಸೆನ್‌ಹೋವರ್ ಚುನಾವಣೆಗೆ ನಿಂತು ಗೆದ್ದರು. ಸಾಮಾನ್ಯ ಜನರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ.

ಡ್ರೈವರ್ ಮತ್ತು ಕಂಡಕ್ಟರ್

ಕಾಯಿಲೆ ಬಿದ್ದವರು ಏಳಬೇಕೆಂಬುದು ಒಂದು ಮಾತು. ಏಳುವುದು, ನಡೆಯುವುದು ಕಾಯಿಲೆಯನ್ನೇ ದೂರ ಇಡಬಲ್ಲದೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಸ್ಪತ್ರೆಯಲ್ಲಲ್ಲ, ರಸ್ತೆಯ ಮೇಲೆ.

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಹೃದ್ರೋಗ ಏರುತ್ತಿತ್ತು, ಕಾರಣ ತಿಳಿದಿರಲಿಲ್ಲ. ಜೆರ್ರಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ ಜನರ ಉದ್ಯೋಗಕ್ಕೂ ಹೃದಯಕ್ಕೂ ಸಂಬಂಧವಿರಬಹುದೆಂದು ಊಹಿಸಿ, ಲಂಡನ್ ಸಾರಿಗೆಯ ಸುಮಾರು 31,000 ನೌಕರರ ದಾಖಲೆ ಹಿಡಿದು ಕೂತರು. ಬೆಂಗಳೂರಿನ ಹಳಬರಿಗೆ ನೆನಪಿರುವ ಡಬಲ್ ಡೆಕ್ಕರ್ ಬಸ್ಸುಗಳಂಥವೇ ಲಂಡನ್ನಿನವು. ಡ್ರೈವರ್ ಇಡೀ ಪಾಳಿ ಕೂತೇ ಇರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಇಬ್ಬರದೂ ಒಂದೇ ಸಂಸ್ಥೆ, ಒಂದೇ ವರ್ಗದ ಬದುಕು.

1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮಾರಿಸ್ ತಮ್ಮ ಲೆಕ್ಕ ಪ್ರಕಟಿಸಿದರು. ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ. ಬಂದರೂ ತಡವಾಗಿ ಬರುತ್ತಿತ್ತು. ಆಘಾತದ ಬೆನ್ನಿಗೇ ಸಾಯುವವರ ಪ್ರಮಾಣ ಡ್ರೈವರುಗಳಲ್ಲಿ ಸುಮಾರು ಎರಡು ಪಟ್ಟು. ಅಂಚೆ ಇಲಾಖೆಯಲ್ಲೂ ಇದೇ ಕಥೆ: ಮನೆಮನೆಗೆ ಕಾಗದ ಹಂಚುವವರಿಗಿಂತ ಮೇಜಿನ ಮುಂದೆ ಕೂತ ಗುಮಾಸ್ತರಿಗೆ ಅಪಾಯ ಹೆಚ್ಚು.

ಇದಕ್ಕೆ ಆಕ್ಷೇಪ ಬಾರದಿರಲಿಲ್ಲ. ಮೊದಲೇ ದಪ್ಪಗಿದ್ದವರು ಡ್ರೈವರ್ ಕೆಲಸ ಆರಿಸಿಕೊಂಡಿರಬಹುದಲ್ಲ? ಮಾರಿಸ್ ಸುಮ್ಮನಾಗದೆ ಸಮವಸ್ತ್ರ ವಿಭಾಗದಲ್ಲಿದ್ದ ಪ್ಯಾಂಟುಗಳ ಅಳತೆಯನ್ನೇ ತರಿಸಿಕೊಂಡರು. ಡ್ರೈವರುಗಳ ಸೊಂಟ ದೊಡ್ಡದೆಂಬುದು ನಿಜವಾಗಿತ್ತು. ಆದರೆ ತೆಳ್ಳಗಿನವರನ್ನು ತೆಳ್ಳಗಿನವರೊಡನೆ, ದಪ್ಪಗಿನವರನ್ನು ದಪ್ಪಗಿನವರೊಡನೆ ಹೋಲಿಸಿದಾಗಲೂ ಕಂಡಕ್ಟರೇ ಮೇಲಾಗಿದ್ದ. ಮಾರಿಸ್ 99 ವರ್ಷ ಬಾಳಿ 2009ರಲ್ಲಿ ತೀರಿಕೊಂಡರು.

ಮೂರು ವಾರ, ಮೂವತ್ತು ವರ್ಷ

ಮಲಗಿರುವುದು ದೇಹವನ್ನು ಎಷ್ಟರ ಮಟ್ಟಿಗೆ ಕುಗ್ಗಿಸುತ್ತದೆ ಎಂಬುದನ್ನು ನೇರವಾಗಿ ಅಳೆದು ತೋರಿಸಿದ್ದು 1966ರ ಡಲ್ಲಾಸ್ ಪ್ರಯೋಗ. ಸ್ವೀಡನ್ನಿನ ಬೆಂಗ್ಟ್ ಸಾಲ್ಟಿನ್ ಮತ್ತು ಟೆಕ್ಸಾಸ್‌ನ ಅವರ ಜೊತೆಗಾರರು ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿದರು. ದುಡಿಮೆಯ ವೇಳೆ ದೇಹ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದು ಶಕ್ತಿಯ ಅಳತೆಗೋಲು. ಮೂರು ವಾರದಲ್ಲಿ ಅದು ನಾಲ್ಕನೇ ಒಂದಕ್ಕೂ ಮೀರಿ ಇಳಿದಿತ್ತು. ಬಳಿಕ ಎಂಟು ವಾರ ವ್ಯಾಯಾಮ ಮಾಡಿಸಿದಾಗ ಮತ್ತೆ ಏರಿತು.

ಅದೇ ಐವರನ್ನು 1996ರಲ್ಲಿ ಮತ್ತೆ ಕರೆಸಿದರು. ಈಗ ಅವರಿಗೆ ಐವತ್ತು ವರ್ಷ. ಮೂವತ್ತು ವರ್ಷದ ವಯಸ್ಸು ಅವರ ಶಕ್ತಿಯನ್ನು ಕುಗ್ಗಿಸಿತ್ತು, ನಿಜ. ಆದರೆ ಹಿಂದೆ ಮೂರು ವಾರದ ಹಾಸಿಗೆ ಕುಗ್ಗಿಸಿದ್ದಷ್ಟು ಕುಗ್ಗಿಸಿರಲಿಲ್ಲ! ಆರು ತಿಂಗಳು ನಡಿಗೆ, ನಿಧಾನ ಓಟ, ಸೈಕಲ್ ತುಳಿತದ ಅಭ್ಯಾಸ ಮಾಡಿಸಿದ ಮೇಲೆ ಅವರು ಇಪ್ಪತ್ತರಲ್ಲಿದ್ದ ಮಟ್ಟಕ್ಕೆ ಹಿಂದಿರುಗಿದರು. ಐವರ ಮೇಲಿನ ಪ್ರಯೋಗ ಚಿಕ್ಕದು. ಆದರೂ ‘ವಯಸ್ಸಾಯಿತು’ ಎಂದು ನಾವು ಕೈಚೆಲ್ಲುವ ಎಷ್ಟೋ ದೌರ್ಬಲ್ಯ ವಯಸ್ಸಿನದಲ್ಲ, ಕೂತಲ್ಲೇ ಕೂತದ್ದರ ಫಲ ಎಂಬ ಅನುಮಾನವನ್ನು ಅದು ಗಟ್ಟಿಗೊಳಿಸಿತು.

ಹೊಸ ಎಂಜಿನ್, ಹಳೆಯ ಗಾಲಿ

ಈ ಪಾಠ ಅತ್ಯಂತ ಕಠಿಣ ಪರೀಕ್ಷೆಗೆ ಒಳಗಾದದ್ದು ಅಂಗಾಂಗ ಕಸಿಯ ಕ್ಷೇತ್ರದಲ್ಲಿ. ಲೆವೈನ್ ಕುರ್ಚಿ ಹಾಕಿಸಿದ ಅದೇ ಬಾಸ್ಟನ್ ಆಸ್ಪತ್ರೆಯಲ್ಲಿ 1954ರ ಡಿಸೆಂಬರ್ 23ರಂದು ಜೋಸೆಫ್ ಮರ್ರೆ ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿದರು. ಪಡೆದವನು ಎಂಟು ವರ್ಷ ಬದುಕಿದ. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮಾನವ ಹೃದಯವನ್ನೇ ಕಸಿ ಮಾಡಿದರು. ಆ ರೋಗಿ ಉಳಿದದ್ದು 18 ದಿನ. ಭಾರತದಲ್ಲಿ ಮೂತ್ರಪಿಂಡ ಕಸಿ ಮೊದಲು ಯಶಸ್ವಿಯಾದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಹೃದಯ ಕಸಿ 1994ರಲ್ಲಿ, ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ.

ಆರಂಭದ ವರ್ಷಗಳಲ್ಲಿ ಒಂದೇ ಚಿಂತೆ: ಪರಕೀಯ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವುದು ಹೇಗೆ? 1980ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಔಷಧ ಬಳಕೆಗೆ ಬಂದ ಮೇಲೆ ಆ ಚಿಂತೆ ಬಹಳ ಮಟ್ಟಿಗೆ ತಗ್ಗಿತು. ರೋಗಿಗಳು ವರ್ಷಗಟ್ಟಲೆ ಬದುಕತೊಡಗಿದರು. ಆಗ ಎದ್ದ ಹೊಸ ಪ್ರಶ್ನೆ: ಬದುಕಿದರು ಸರಿ, ಬದುಕಿ ಏನು ಮಾಡಬಲ್ಲರು? ಹೊಸ ಹೃದಯ ಬಂದವರೂ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದರು.

ಕಾರಣ ಎರಡು. ಮೊದಲನೆಯದು ಸ್ನಾಯುಗಳದು. ವರ್ಷಗಳ ಕಾಯಿಲೆಯಲ್ಲಿ ಅವು ಸೊರಗಿರುತ್ತವೆ. ಕಸಿಯ ಬಳಿಕ ಕೊಡುವ ಸ್ಟೆರಾಯ್ಡ್ ಔಷಧಗಳು ಅವನ್ನು ಮತ್ತಷ್ಟು ಸವೆಸುತ್ತವೆ. ಎಂಜಿನ್ ಹೊಸದು, ಗಾಲಿ ಹಳೆಯದು ಎಂಬಂಥ ಸ್ಥಿತಿ. ಎರಡನೆಯದು ಇನ್ನೂ ವಿಚಿತ್ರ. ದಾನಿಯ ಹೃದಯವನ್ನು ತೆಗೆಯುವಾಗ ಅದಕ್ಕೆ ಮಿದುಳಿನಿಂದ ಬರುವ ನರಗಳು ಕತ್ತರಿಸಿ ಹೋಗುತ್ತವೆ. ನಮ್ಮ ಹೃದಯ ನಾವು ಎದ್ದ ಕೂಡಲೇ ಬಡಿತ ಏರಿಸುತ್ತದೆ; ನರಗಳ ಆಜ್ಞೆ ಕ್ಷಣಾರ್ಧದಲ್ಲಿ ತಲುಪುತ್ತದೆ. ಕಸಿಯಾದ ಹೃದಯಕ್ಕೆ ಆ ಆಜ್ಞೆ ಬರುವುದಿಲ್ಲ. ರಕ್ತದಲ್ಲಿ ಹರಿದುಬರುವ ಅಡ್ರಿನಲಿನ್‌ಗಾಗಿ ಅದು ಕಾಯಬೇಕು. ಆದ್ದರಿಂದ ಬಡಿತ ಏರಲು ಕೆಲವು ನಿಮಿಷ, ದಣಿದು ಕೂತ ಮೇಲೆ ಇಳಿಯಲೂ ಬಹಳ ಹೊತ್ತು. ಇಂಥವರು ವ್ಯಾಯಾಮವನ್ನು ನಿಧಾನವಾಗಿ ಆರಂಭಿಸಿ ನಿಧಾನವಾಗಿಯೇ ನಿಲ್ಲಿಸಬೇಕೆಂಬ ನಿಯಮ ಹುಟ್ಟಿದ್ದು ಹೀಗೆ.

ಇಂಥ ದೇಹ ವ್ಯಾಯಾಮ ತಡೆದೀತೆ? ಧೈರ್ಯ ಮೊದಲು ಬಂದದ್ದು ಆಟದ ಮೈದಾನದಿಂದ. 1978ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಶಸ್ತ್ರವೈದ್ಯ ಮೌರಿಸ್ ಸ್ಲಪಾಕ್ ಕಸಿಯಾದವರಿಗೆಂದೇ ಕ್ರೀಡಾಕೂಟ ಏರ್ಪಡಿಸಿದರು. ಐದು ದೇಶಗಳ 99 ಮಂದಿ ಬಂದರು. ಅದೇ ಬೆಳೆದು ವಿಶ್ವ ಕಸಿ ಕ್ರೀಡಾಕೂಟವಾಯಿತು.

ಶಾಸ್ತ್ರೀಯ ಪುರಾವೆ ಬಂದದ್ದು 1999ರಲ್ಲಿ. ಲಾಸ್ ಏಂಜಲೀಸ್‌ನಲ್ಲಿ ಹೃದಯ ಕಸಿಯಾಗಿ ಎರಡು ವಾರದೊಳಗಿನ 27 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 14 ಮಂದಿಗೆ ತಜ್ಞರ ಕಣ್ಗಾವಲಿನಲ್ಲಿ ವ್ಯಾಯಾಮ. 13 ಮಂದಿಗೆ ಮನೆಯಲ್ಲಿ ಪಾಲಿಸಲು ಸೂಚನೆಗಳು ಮಾತ್ರ. ಆರು ತಿಂಗಳ ನಂತರ ಮೊದಲ ಗುಂಪಿನವರ ಆಮ್ಲಜನಕ ಬಳಸುವ ಸಾಮರ್ಥ್ಯ ಶೇಕಡ 49ರಷ್ಟು ಏರಿತ್ತು. ಎರಡನೆಯದರಲ್ಲಿ ಶೇಕಡ 18. ಅಂಗವನ್ನು ಕೊಡುವುದು ಶಸ್ತ್ರವೈದ್ಯ. ಅದನ್ನು ಬಳಸಲು ಕಲಿಸುವುದು ನಡಿಗೆ ಎಂದಾಯಿತು.

ತೊಂಬತ್ತರಲ್ಲಿ ಭಾರ ಎತ್ತಿದವರು

ಇತ್ತ ವೃದ್ಧರ ವಿಚಾರದಲ್ಲಿ ಹಳೆಯ ಭಯ ಇನ್ನೂ ಉಳಿದಿತ್ತು. ನಡಿಗೆ ಸರಿ, ಭಾರ ಎತ್ತುವುದು ಹರೆಯದವರ ಪಾಡು ಎಂದೇ ಎಲ್ಲರ ಎಣಿಕೆ. ಬಾಸ್ಟನ್ನಿನ ವೈದ್ಯೆ ಮರಿಯಾ ಫಿಯಾಟರೋನ್ ಇದನ್ನು ಒಪ್ಪಲಿಲ್ಲ. ವೃದ್ಧಾಶ್ರಮದಂಥ ಆರೈಕೆ ಕೇಂದ್ರವೊಂದರಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿ ನಿಶ್ಶಕ್ತರನ್ನು ಅವರು ಆರಿಸಿಕೊಂಡರು. ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅದೂ ಹಗುರವಾದದ್ದಲ್ಲ, ಅವರವರ ಶಕ್ತಿಗೆ ಸಾಕಷ್ಟು ಭಾರವೆನಿಸುವಂಥದ್ದು. 1990ರಲ್ಲಿ ಪ್ರಕಟವಾದ ಫಲಿತಾಂಶ ಕಂಡು ವೈದ್ಯಲೋಕ ಬೆರಗಾಯಿತು. ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತ್ತು. ಇಬ್ಬರು ಊರುಗೋಲನ್ನೇ ಬಿಟ್ಟರು.

ನಾಲ್ಕು ವರ್ಷಗಳ ಬಳಿಕ ನೂರು ಮಂದಿಯ ಮೇಲೆ ನಡೆದ ಅಧ್ಯಯನ ಇದನ್ನೇ ದೃಢಪಡಿಸಿತು. ಪೌಷ್ಟಿಕ ಪಾನೀಯ ಮಾತ್ರ ಕುಡಿದು ಕೂತವರಿಗೆ ಬಲ ಬರಲಿಲ್ಲ ಎಂಬುದೂ ಅಲ್ಲೇ ತಿಳಿಯಿತು. 2014ರಲ್ಲಿ ಅಮೆರಿಕದ ಎಂಟು ಕೇಂದ್ರಗಳಲ್ಲಿ 70ರಿಂದ 89 ವರ್ಷದ 1,635 ಮಂದಿಯನ್ನು ಸರಾಸರಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಪ್ರಯೋಗದ ಫಲ ಬಂತು. 400 ಮೀಟರ್ ನಡೆಯುವ ಶಕ್ತಿ ಕಳೆದುಕೊಂಡವರು ಆರೋಗ್ಯದ ಬಗ್ಗೆ ಉಪನ್ಯಾಸ ಮಾತ್ರ ಕೇಳಿದ ಗುಂಪಿನಲ್ಲಿ ಶೇಕಡ 35.5, ನಡಿಗೆ, ವ್ಯಾಯಾಮ ಮಾಡಿದ ಗುಂಪಿನಲ್ಲಿ ಶೇಕಡ 30.1. ಪವಾಡವೇನಲ್ಲ. ಆದರೆ 400 ಮೀಟರ್ ಎಂದರೆ ಬೀದಿ ಕೊನೆಯ ಅಂಗಡಿಗೆ, ಗುಡಿಗೆ, ಬಸ್ ನಿಲ್ದಾಣಕ್ಕೆ ಯಾರ ಹಂಗೂ ಇಲ್ಲದೆ ಹೋಗಿಬರುವ ಸ್ವಾತಂತ್ರ್ಯ.

ಎರಡು ದಾರಿ ಕೂಡಿದ್ದು

ಅಂಗ ಕಸಿಗೆ ಬರುವವರಲ್ಲಿ ಹಿರಿಯರು ಹೆಚ್ಚತೊಡಗಿದಾಗ ಈ ಎರಡು ಕಥೆಗಳು ಒಂದಾದವು. ಅರವತ್ತೈದರ ಇಬ್ಬರಿಗೆ ಒಂದೇ ದಿನ ಮೂತ್ರಪಿಂಡ ಕಸಿಯಾದರೂ ಒಬ್ಬರು ಚೇತರಿಸಿಕೊಂಡು ಇನ್ನೊಬ್ಬರು ಸೋಲುವುದೇಕೆ? 2001ರಲ್ಲಿ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಹಿರಿಯರ ನಿಶ್ಶಕ್ತಿಯನ್ನು ಅಳೆಯಲು ಐದು ಗುರುತುಗಳನ್ನು ಹೇಳಿದ್ದರು: ತಾನಾಗಿ ತೂಕ ಇಳಿಯುವುದು, ಸದಾ ಬಳಲಿಕೆ, ಓಡಾಟ ಕಡಿಮೆಯಾಗುವುದು, ನಿಧಾನ ನಡಿಗೆ, ಸಡಿಲ ಮುಷ್ಟಿ. ಮೂರು ಗುರುತು ಕಂಡರೆ ನಿಶ್ಶಕ್ತರು ಎಂದು ಲೆಕ್ಕ. ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಸಂಶೋಧಕರು ಇದೇ ಅಳತೆಯನ್ನು ಮೂತ್ರಪಿಂಡ ಕಸಿಯಾದ 537 ಮಂದಿಗೆ ಅನ್ವಯಿಸಿ ನೋಡಿದರು. 2015ರ ಅವರ ವರದಿಯಂತೆ, ಕಸಿಯ ವೇಳೆ ನಿಶ್ಶಕ್ತರಾಗಿದ್ದವರಿಗೆ ಮುಂದೆ ಸಾವಿನ ಅಪಾಯ ಎರಡು ಪಟ್ಟಿಗೂ ಹೆಚ್ಚು.

ಹಾಗಾದರೆ ಅಂಗಕ್ಕಾಗಿ ಕಾಯುವ ಕಾಲವನ್ನು ಕೂತು ಕಳೆಯಬೇಕೇಕೆ? ಇಟಲಿಯಲ್ಲಿ ಡಯಾಲಿಸಿಸ್ ಪಡೆಯುತ್ತಿದ್ದವರಿಗೆ, ಅದಿಲ್ಲದ ದಿನ ಎರಡು ಸಲ ಹತ್ತು ಹತ್ತು ನಿಮಿಷ ಮನೆಯಲ್ಲೇ ನಡೆಯಲು ಹೇಳಲಾಯಿತು. ಆರು ತಿಂಗಳಲ್ಲಿ, ಆರು ನಿಮಿಷದಲ್ಲಿ ಅವರು ನಡೆಯಬಲ್ಲ ದೂರ 328 ಮೀಟರಿನಿಂದ 367ಕ್ಕೆ ಏರಿತು. 2017ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ ದುಬಾರಿ ಯಂತ್ರ ಬೇಕಾಗಿರಲಿಲ್ಲ.

ಉತ್ಪ್ರೇಕ್ಷೆಯೂ ಬೇಡ. ಹೃದಯ ಕಸಿಯಾದವರ ವ್ಯಾಯಾಮ ಕುರಿತ ಪ್ರಯೋಗಗಳನ್ನೆಲ್ಲ 2017ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸಿಕ್ಕಿದ್ದು ಹತ್ತು ಪ್ರಯೋಗ, 300 ಮಂದಿ ಮಾತ್ರ. ವ್ಯಾಯಾಮದಿಂದ ಶಕ್ತಿ ಹೆಚ್ಚುತ್ತದೆ ಎಂಬುದು ಅವುಗಳಿಂದ ಸ್ಪಷ್ಟ. ಆಯುಷ್ಯ ಹೆಚ್ಚುತ್ತದೆ ಎನ್ನಲು ಅಷ್ಟು ಪುರಾವೆ ಸಾಲದು. ಕಸಿಯಾದವರು, ಹೃದ್ರೋಗಿಗಳು ತಮ್ಮ ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಅರವತ್ತೈದು ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಮೈದಣಿಸಬೇಕು, ಎರಡು ದಿನವಾದರೂ ಸ್ನಾಯು ಬಲಪಡಿಸುವ, ಮೂರು ದಿನ ಸಮತೋಲ ಕಾಯುವ ಅಭ್ಯಾಸ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ಮಾಡಿದೆ. ನಮ್ಮ ಮನೆಗಳಲ್ಲಿ ಹಿರಿಯರ ಕೈಯಿಂದ ಬಿಂದಿಗೆ ಕಿತ್ತುಕೊಳ್ಳುವುದು, ಕೂತಲ್ಲಿಗೇ ಕಾಫಿ ತಂದುಕೊಡುವುದು ಗೌರವದ ಲಕ್ಷಣ. ಆ ಗೌರವ ಇರಲಿ. ಅದರ ಜೊತೆಗೆ ಸಂಜೆ ಕೈಹಿಡಿದು ಅಂಗಳದಲ್ಲಿ ನಾಲ್ಕು ಸುತ್ತು ನಡೆಸುವುದೂ ಸೇರಿದರೆ, ಎಪ್ಪತ್ತು ವರ್ಷಗಳ ಸಂಶೋಧನೆಗೆ ಅರ್ಥ ಬಂದೀತು.