ವೇಷವಿಲ್ಲದ ವಾಲಿ

ವಾಲಿಯ ಎದೆಗೆ ಬಾಣ ನಾಟಿದೆ. ಯಕ್ಷಗಾನದ ವೇಷ, ಕುಣಿತಗಳಿಲ್ಲದ ರೂಪವಾದ ತಾಳಮದ್ದಳೆಯಲ್ಲಿ ಬಾಣವೂ ಕಾಣದು, ಬೀಳುವವನೂ ಕಾಣ. ಪಂಚೆ ಶಲ್ಯದ ಅರ್ಥಧಾರಿಯೊಬ್ಬ ಮೈಕಿನ ಮುಂದೆ ಕೂತಿರುತ್ತಾನೆ, ಎದುರಿಗೆ ಅಂಥದೇ ಉಡುಪಿನ ರಾಮ. ಭಾಗವತರು ಪದ್ಯ ಹಾಡಿ ಮುಗಿಸಿದ್ದೇ ವಾಲಿ ಕೇಳತೊಡಗುತ್ತಾನೆ: ಮರೆಯಲ್ಲಿ ನಿಂತೇಕೆ ಹೊಡೆದೆ? ಹೆಂಡತಿಯನ್ನು ತರಲು ನನ್ನನ್ನೇ ಕೇಳಬಹುದಿತ್ತಲ್ಲ? ಎರಡನೆಯ ಪ್ರಶ್ನೆ ವಾಲ್ಮೀಕಿಯಲ್ಲೂ ಇದೆ. ಅದು ಅಣಕವೋ, ಸೊಕ್ಕೋ, ಕೈತಪ್ಪಿದ ಸ್ನೇಹದ ಕೊರಗೋ? ಪದ್ಯ ಹೇಳುವುದಿಲ್ಲ, ಅರ್ಥಧಾರಿ ತೀರ್ಮಾನಿಸಬೇಕು, ಅದೂ ಆ ಗಳಿಗೆಯಲ್ಲೇ. ಪಾತ್ರದ ಒಳಗನ್ನೂ ಮಾತಿನ ದನಿಯನ್ನೂ ಬಗೆಯುವ ವಿಮರ್ಶೆ ಕರಾವಳಿ, ಮಲೆನಾಡುಗಳಲ್ಲಿ ಹೀಗೆ ದೇವಸ್ಥಾನದ ಚಾವಡಿಯಲ್ಲಿ, ಮನೆಯ ಜಗಲಿಯಲ್ಲಿ ನಡೆದುಬಂದಿದೆ ಎಂಬುದು ನನ್ನ ವಾದ.

ತಾಳಮದ್ದಳೆ ಎಂಬ ಹೆಸರಂತೂ ಹಳೆಯದು. ಬಳ್ಳಾರಿ ಸೀಮೆಯ ಕುರುಗೋಡಿನ ಕಡೆಯ 1556ರ ಶಾಸನವೊಂದು ತಾಳಮದ್ದಳೆಗಾಗಿ ಭೂಮಿ ಬಿಟ್ಟದ್ದನ್ನು ಹೇಳುತ್ತದೆ. ಆದರೆ ಅಂದು ಅರ್ಥಗಾರಿಕೆ ಇಷ್ಟು ಬೆಳೆದಿತ್ತೆಂದು ಅದರಿಂದ ಸಾಧಿಸಲಾಗದು. ಕರಾವಳಿಯಲ್ಲಿ ಇದಕ್ಕೆ ಬಿಡುವು ಒದಗಿಸಿದ್ದು ಮಳೆಗಾಲ: ಮಳೆಗಾಲಕ್ಕೆ ಮುನ್ನ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಬಣ್ಣ, ಕಿರೀಟ, ಕುಣಿತಗಳು ಕಳಚಿದಾಗ ಉಳಿಯುವುದು ಪದ್ಯ ಮತ್ತು ಮಾತು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ನಾಲ್ಕಾರು ಸಾಲಿನ ಪದ್ಯಕ್ಕೆ ಇಂದು ಅರ್ಧ ಗಂಟೆ ಅರ್ಥ ಹೇಳುವವರಿದ್ದಾರೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹೆಸರಾದದ್ದು ಬಹುಮಟ್ಟಿಗೆ ರಾವಣ, ವಾಲಿ, ಕೌರವರಂಥ ಪಾತ್ರಗಳಿಂದ. ಕೆಟ್ಟವನೆಂದು ಮೊದಲೇ ತೀರ್ಪಾದವನಿಗೂ ಹೇಳಿಕೊಳ್ಳಲು ಏನೋ ಇದೆ ಎಂಬುದು ಆ ಪಾತ್ರಗಳ ಕಸುವು.

ಇದು ವಿಮರ್ಶೆಯಲ್ಲ, ವಕೀಲಿಕೆ ಎನ್ನುವವರಿದ್ದಾರೆ. ತಮ್ಮ ಪಾತ್ರವನ್ನು ಗೆಲ್ಲಿಸುವ ಹಟದಲ್ಲಿ ಕಥೆ ಬಿಟ್ಟು ಶಬ್ದಕ್ಕೆ ಜೋತುಬೀಳುವ ಕೂಟಗಳು ಇಲ್ಲದಿಲ್ಲ. ಆ ದೂರನ್ನು ಒಪ್ಪಲೇಬೇಕು. ಆದರೆ ವಕೀಲನಿಗಿಲ್ಲದ ಕಟ್ಟೊಂದು ಇಲ್ಲಿದೆ. ವಾಲಿ ಎಷ್ಟೇ ವಾದಿಸಲಿ, ಮುಂದಿನ ಪದ್ಯ ಆಗಲೇ ಬರೆದಿಟ್ಟದ್ದು. ಅವನು ರಾಮನಿಗೆ ತಲೆಬಾಗಬೇಕು, ಅಂಗದನನ್ನು ಒಪ್ಪಿಸಬೇಕು. ಈಗಷ್ಟೇ ಕಿಡಿ ಕಾರಿದವನು ಏಕೆ ಮೆತ್ತಗಾದ ಎಂಬುದಕ್ಕೆ ಒಪ್ಪುವ ಕಾರಣ ಅವನ ಮಾತಿನೊಳಗೇ ಹುಟ್ಟಬೇಕು; ಸೋಲು ಎಂದರೆ ಸಾಲದು, ಭಕ್ತಿ ಎಂದರೂ ಸಾಲದು. ಕಥೆ ಬಾಯಿಪಾಠವಿರುವ ಸಭೆ ಕಾಯುವುದು ಆ ತಿರುವಿಗೇ. ಅದಕ್ಕೆ ಮುನ್ನ ಮಾತು ಲಂಬಿಸಿತೋ, ಭಾಗವತರು ಮುಂದಿನ ಪದ್ಯ ಎತ್ತಿಬಿಡುತ್ತಾರೆ.