ಕೂನೂರಿನ ಇಲಿಗಳು, ನಮ್ಮ ಮಕ್ಕಳ ತಟ್ಟೆ

ಸಮತೋಲ ಆಹಾರದ ಪಾಠ ಎಂದೊಡನೆ ನಿಮಗೆ ನೆನಪಾಗುವುದು ಶಾಲೆಯ ಗೋಡೆಗೆ ತೂಗುಹಾಕಿದ ಬಣ್ಣದ ಚಿತ್ರಪಟವಲ್ಲವೇ? ಶಕ್ತಿ ಕೊಡುವ ಆಹಾರ, ದೇಹ ಬೆಳೆಸುವ ಆಹಾರ, ರೋಗದಿಂದ ಕಾಪಾಡುವ ಆಹಾರ ಎಂದು ಮೂರು ಗುಂಪು. ನಮ್ಮ ದೇಶದಲ್ಲಿ ಈ ಪಾಠದ ಹಿಂದೆ ಇಲಿಗಳ ಕಥೆಯೊಂದಿದೆ. ಅದರಲ್ಲಿ ಕನ್ನಡಿಗರ ಊಟಕ್ಕೂ ಒಂದು ಪಾತ್ರವಿದೆ.

1920ರ ದಶಕದಲ್ಲಿ ನೀಲಗಿರಿಯ ಕೂನೂರಿನಲ್ಲಿ ವೈದ್ಯ ರಾಬರ್ಟ್ ಮೆಕ್‌ಕ್ಯಾರಿಸನ್ ಎಳೆಯ ಇಲಿಗಳನ್ನು ಏಳು ಗುಂಪು ಮಾಡಿ, ಒಂದೊಂದಕ್ಕೆ ಭಾರತದ ಒಂದೊಂದು ಜನರ ಊಟ ತಿನ್ನಿಸಿ ತೂಕ ನೋಡಿದರು. ಇಡೀ ಗೋಧಿಯ ಚಪಾತಿ, ಹಾಲು, ಬೆಣ್ಣೆ, ಬೇಳೆ, ತರಕಾರಿ, ಅಪರೂಪಕ್ಕೆ ಮಾಂಸವಿದ್ದ ಸಿಖ್ಖರ ಊಟ ಮೊದಲ ಸ್ಥಾನ ಪಡೆಯಿತು. ಪಠಾಣರು, ಮರಾಠರು, ಗೂರ್ಖರ ನಂತರ ಐದನೆಯವರು ನಾವು! ಆಮೇಲೆ ಬಂಗಾಳಿಗಳು. ಬಿಳಿ ಅಕ್ಕಿಯೇ ಪ್ರಧಾನವಾಗಿದ್ದ ಮದರಾಸಿನ ಊಟ ಕೊನೆಗೆ.

ಬೇಸರ ಬೇಡ. ಉತ್ತರದವರು ಹುಟ್ಟಿನಿಂದಲೇ ಶೂರರು ಎಂದು ಬ್ರಿಟಿಷ್ ಸೈನ್ಯ ನಂಬಿದ್ದ ಕಾಲವದು. ಇಲಿಗಳಿಗೆ ಜಾತಿಯೂ ಇಲ್ಲ, ಪ್ರಾಂತವೂ ಇಲ್ಲ. ವ್ಯತ್ಯಾಸವಿದ್ದದ್ದು ಬಟ್ಟಲಲ್ಲಿ ಮಾತ್ರ. ನನ್ನ ದೃಷ್ಟಿಯಲ್ಲಿ ಆ ಪ್ರಯೋಗದ ದೊಡ್ಡ ಫಲ ಇದೇ.

1928ರಲ್ಲಿ ಮೆಕ್‌ಕ್ಯಾರಿಸನ್ ಭಾರತದ ಶಾಲೆಗಳಿಗಾಗಿ ಆಹಾರದ ಬಗ್ಗೆ ಪುಟ್ಟ ಪಠ್ಯವೊಂದನ್ನೇ ಬರೆದರು. ಅವರ ನಂತರ ಬಂದ ಆಕ್ರಾಯ್ಡ್ 1937ರಲ್ಲಿ ನಮ್ಮ ಆಹಾರಗಳ ಪೋಷಕಾಂಶಗಳ ಪಟ್ಟಿ ಹೊರತಂದರು. ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಗಿ, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅದರ ಪಟ್ಟಿಗಳಲ್ಲಿ ನಮ್ಮ ರಾಗಿಯನ್ನು ನೋಡಿ: 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಮೀರಿದ ಸುಣ್ಣದಂಶ. ಪಾಲಿಷ್ ಅಕ್ಕಿಯಲ್ಲಿ ಅದು 10ರ ಆಸುಪಾಸು. ಆದರೂ ಚಿತ್ರಪಟದಲ್ಲಿ ಸೇಬು ಮಿರುಗುತ್ತದೆ, ಮುದ್ದೆಗೆ ಜಾಗವಿಲ್ಲ. (ಟೆಲಿವಿಷನ್ನಿನ ದೀಪಗಳ ಕೆಳಗೂ ಮುದ್ದೆ ಅಷ್ಟೇನೂ ಹೊಳೆಯುವುದಿಲ್ಲ, ನಿಜ.)

ಊಟವಿಲ್ಲದ ಮಗುವಿಗೆ ಊಟದ ಪಾಠ ಹೇಳುವುದು ಎಂಥ ಕಷ್ಟವೆಂದು ಹಳ್ಳಿಯ ಮೇಷ್ಟರನ್ನು ಕೇಳಿ. ಆ ಕೊರತೆ ತುಂಬಲು ಬಹಳ ವರ್ಷ ಬೇಕಾಯಿತು. 2002ರಲ್ಲಿ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಆರಂಭವಾಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2024ರ ಫೆಬ್ರವರಿಯಲ್ಲಿ ಆ ಹಾಲಿಗೆ ರಾಗಿ ಮಾಲ್ಟ್ ಸೇರಿತು. ಈಗ ಪಾಠವೂ ತಟ್ಟೆಯೂ ಒಂದೇ ಜಗಲಿಯ ಮೇಲಿವೆ. ಊಟಕ್ಕೆ ಮುನ್ನ ಎರಡು ನಿಮಿಷ ಸಾಕು: ಅನ್ನ ಯಾವ ಗುಂಪು, ಸಾಂಬಾರಿನ ಬೇಳೆ ಯಾವುದು, ತಟ್ಟೆಯಂಚಿಗೆ ಸರಿಸಿದ ಆ ಸೊಪ್ಪು ಯಾವುದು ಎಂದು ಮೂರನೆಯ ತರಗತಿಯ ಮಗುವನ್ನು ಕೇಳಿ ನೋಡಿ.