ವಿಜಾಪುರದ ನಾದವೈಭವ

ವಿಜಾಪುರವೆಂದೊಡನೆ ಗೋಲಗುಮ್ಮಟವು ಕಣ್ಣಮುಂದೆ ನಿಲ್ಲುವದು. ಆದರೆ ಆ ಗುಮ್ಮಟವೇಳುವ ಮೊದಲೇ ಈ ನಗರದಲ್ಲಿ ಕಲ್ಲಿಗಿಂತ ಸೂಕ್ಷ್ಮವಾದ ವಸ್ತುವಿನಿಂದ ಇನ್ನೊಂದು ಕಟ್ಟಡವೆದ್ದಿತ್ತು. ಅದು ನಾದದ ಕಟ್ಟಡ.

ಎರಡನೆಯ ಇಬ್ರಾಹಿಮ ಆದಿಲಶಹನು 1580ರಲ್ಲಿ ಬಾಲಕನಾಗಿರುವಾಗಲೇ ಪಟ್ಟವೇರಿ 1627ರ ವರೆಗೆ ಆಳಿದನು. ಸಂಗೀತವು ಆತನಿಗೆ ಬರಿಯ ವಿನೋದವಾಗಿರದೆ ಉಪಾಸನೆಯಾಗಿತ್ತು. ತನ್ನ ತಂಬೂರಿಗೆ ಆತನು ಮೋತಿಖಾನನೆಂದು ಹೆಸರಿಟ್ಟು ಅದನ್ನು ಸಜೀವ ಗೆಳೆಯನಂತೆ ಕಂಡನು. ದಖನಿ ಭಾಷೆಯಲ್ಲಿ ಆತನು ರಚಿಸಿದ ‘ಕಿತಾಬ-ಎ-ನವರಸ’ದ ಪದಗಳು ಭೈರವ, ಮಲಾರ, ಕೇದಾರ, ಕಾನಡಾ ಮೊದಲಾದ ರಾಗಗಳಲ್ಲಿ ಅಳವಟ್ಟಿವೆ. ಅದರಲ್ಲಿ ಸರಸ್ವತಿ-ಗಣಪತಿಯರ ಸ್ತುತಿಯೂ ಕಲಬುರ್ಗಿಯ ಗೇಸುದರಾಜರ ಸ್ತುತಿಯೂ ಒಂದೇ ಸೂತ್ರದಲ್ಲಿ ಪೋಣಿಸಲ್ಪಟ್ಟಿವೆ. ಪಾರಸಿ ಕವಿಯಾದ ಜುಹೂರಿಯು ಈ ಗ್ರಂಥಕ್ಕೆ ಮುನ್ನುಡಿ ಬರೆದನು. ಚಿತ್ರಕಾರನಾದ ಫರ್ರುಖ ಹುಸೇನನೂ ಇದೇ ಆಸ್ಥಾನದ ಆಶ್ರಯದಲ್ಲಿದ್ದನು. ಪರದೇಶದ ಕಲಾವಿದರೂ ಈ ನಾಡಿನ ಕುಶಲಿಗಳೂ ಕೂಡಿ ದುಡಿದುದರಿಂದಲೇ ಇಲ್ಲಿ ಹೊಸದೊಂದು ಕಲಾಶೈಲಿಯು ಮೈದಳೆಯಿತು.

1599ರಲ್ಲಿ ಅರಸನು ಪಟ್ಟಣದ ಪಶ್ಚಿಮಕ್ಕೆ ನವರಸಪುರವೆಂಬ ಹೊಸ ನಗರದ ನಿರ್ಮಾಣಕ್ಕೆ ತೊಡಗಿದನು. ಆದರೆ 1624ರಲ್ಲಿ ಮಲಿಕ ಅಂಬರನ ದಂಡು ಅದನ್ನು ಕೊಳ್ಳೆ ಹೊಡೆಯಿತು. ತೊರವಿಯ ಬಳಿಯಲ್ಲಿ ಹಾಳುಬಿದ್ದಿರುವ ಸಂಗೀತಮಹಲು ಆ ಕನಸಿನ ಕುರುಹು. ಸಿಂದಗಿಯ ದಾರಿಯಲ್ಲಿರುವ ಕುಮಟಗಿಯ ಜಲಮಂಟಪದ ಗೋಡೆಗಳ ಮೇಲೂ ಆ ಕಾಲದ ವರ್ಣಚಿತ್ರಗಳು ಮಾಸಿ ಮಾಸಿ ಉಳಿದಿವೆ. 1686ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದನು. ಸಿಂಹಾಸನದೊಡನೆ ಕಲಾವಿದರ ಆಸರೆಯೂ ಅಳಿಯಿತು. ಅರಸನ ಪದಗಳು ಹಸ್ತಪ್ರತಿಗಳಲ್ಲಿ ಉಳಿದವು. ರಾಗದ ಹೆಸರು ಉಳಿಯಿತಾದರೂ ಹಾಡುತ್ತಿದ್ದ ಕೊರಳು ಉಳಿಯಲಿಲ್ಲ.

ಆದರೆ ಹಾಡೆಂಬುದೇ ಈ ನಾಡಿನಿಂದ ಹೋಯಿತೆನ್ನಲಾಗದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಹಳ್ಳಿಗಳಲ್ಲಿ ಒಕ್ಕಲುಗಿತ್ತಿಯರು ಬೀಸುವ ಕಲ್ಲಿನ ಮುಂದೆ ಕುಳಿತು ತ್ರಿಪದಿಗಳನ್ನು ಹಾಡುತ್ತಲೇ ಬಂದರು. ಅವರಿಗೆ ಅರಸನ ಆಶ್ರಯವೂ ಬೇಕಿರಲಿಲ್ಲ, ಮುನ್ನುಡಿಯೂ ಬೇಕಿರಲಿಲ್ಲ. ಅಂದಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಆ ಹಾಡುಗಳನ್ನು ಕೂಡಿಸಿ, 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದಾಗ ಕನ್ನಡಿಗರು ಬೆರಗಾಗಿ ಕಿವಿಗೊಟ್ಟರು. ನವರಸಪುರಕ್ಕೆ ದೊರೆಯದ ಆಯುಷ್ಯವು ಬೀಸುವ ಕಲ್ಲಿನ ಹಾಡಿಗೆ ದೊರೆಯಿತು.

ನಗರವು ಕಲೆಗೆ ಕೂಟವನ್ನು ಒದಗಿಸುವದು. ಬಗೆಬಗೆಯ ಜನರನ್ನು ಒಂದೆಡೆ ತಂದು ಹೊಸದನ್ನು ಹುಟ್ಟಿಸುವದು. ಹುಟ್ಟಿದ್ದನ್ನು ಬಾಳಿಸುವ ಭಾರವಾದರೋ ಅರಸನೊಬ್ಬನ ಹೆಗಲಿನಲ್ಲಿ ನಿಲ್ಲಲಾರದು. ಅದು ಜನರ ಕೊರಳಿನಲ್ಲಿಯೇ ನಿಲ್ಲಬೇಕು. ವಿಜಾಪುರದ ಸೀಮೆಯ ಇತಿಹಾಸವು ಈ ಎರಡು ಮಾತುಗಳಿಗೂ ಸಾಕ್ಷಿಯಾಗಿದೆ.